ತಾತನ ಮಾತು, ಮನೆಯ ಹಳೇ ನೆನಪು ನಮ್ಮ ಬದುಕಲ್ಲಿ ನಿಜವಾಗಲೂ ಉಳಿಯುತ್ತಾ?

ಉಳಿಯುತ್ತದೆ. ಆದರೆ ಬುದ್ಧಿಮಾತಾಗಿ ಕಡಿಮೆ, ಅಭ್ಯಾಸವಾಗಿಯೇ ಜಾಸ್ತಿ.

ನಮ್ಮದು ತುಮಕೂರು ಕಡೆಯ ರಾಗಿ ಸೀಮೆ. ಅಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಅಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ರಾಗಿಗೆ ಹುಳ ಬೀಳುವುದು ಕಡಿಮೆ, ಹಾಗಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆಗೆದ ತಕ್ಷಣ ಯಾರೂ ಇಳಿಯುವಂತಿಲ್ಲ, ಒಳಗಿನ ಗಾಳಿ ಕೆಟ್ಟಿರುತ್ತದೆ. ತಾತ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಆರಿದರೆ ಕಾಯಬೇಕು.

1876-78ರ ಧಾತು-ಈಶ್ವರ ಸಂವತ್ಸರದ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ತಾತ ಅದನ್ನು ಕಂಡವರಲ್ಲ, ಅವರಜ್ಜಿಯ ಬಾಯಲ್ಲಿ ಕೇಳಿದವರು ಅಷ್ಟೇ. ಆದರೂ ನಾವು ತಟ್ಟೆಯಲ್ಲಿ ಮುದ್ದೆ ಬಿಟ್ಟರೆ ಸುಮ್ನೆ ನೋಡುತ್ತಾ ಕೂರುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು!

ಈಗ ನಾನು ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಹಗೇವು ಎಲ್ಲಿಂದ ಬರಬೇಕು? ಆದರೂ ರಾಗಿ ಹಿಟ್ಟಿನ ಡಬ್ಬ ಅರ್ಧಕ್ಕೆ ಇಳಿದರೆ ಏನೋ ಕಸಿವಿಸಿ. ಸಂಬಳ ಬಂದ ದಿನ ಮೊದಲು ಒಂದಷ್ಟು ತೆಗೆದಿಡುತ್ತೇನೆ, ಖರ್ಚಿನ ಲೆಕ್ಕ ಆಮೇಲೆ. ಬರ ಕಂಡವರ ಭಯ ಐದು ತಲೆಮಾರು ದಾಟಿ ನನ್ನ ಬ್ಯಾಂಕ್ ಖಾತೆಗೆ ಬಂದಿದೆ, ಅಲ್ವಾ?

ಹಾಗಂತ ಎಲ್ಲವನ್ನೂ ಇಟ್ಟುಕೊಂಡಿಲ್ಲ. ತಾತನ ಕಾಲದಲ್ಲಿ ಹೆಂಗಸರು ಉಣ್ಣುತ್ತಿದ್ದದ್ದು ಕೊನೆಗೆ, ಉಳಿದದ್ದನ್ನು. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಕೂರುತ್ತೇವೆ. ಮುದ್ದೆ ಕಟ್ಟುವ ಸರದಿ ಮಾತ್ರ ನನ್ನದು.