ಹೋದ ಸೊಂಟನೋವು ಮತ್ತೆ ಯಾಕೆ ಬಂತು?

ಪ್ರಶ್ನೆ: ನನಗೆ 42 ವರ್ಷ. ಸುಗ್ಗಿಯಲ್ಲಿ ದಿನಕ್ಕೆ ಏಳೆಂಟು ಗಂಟೆ ಕೂತು ಅಡಿಕೆ ಸುಲಿಯುತ್ತೇನೆ. ಹೋದ ವರ್ಷ ಸೊಂಟ ಹಿಡಿದುಕೊಂಡಿತ್ತು, ಮಾತ್ರೆ ತಗೊಂಡು ಮೂರು ವಾರದಲ್ಲಿ ವಾಸಿಯಾಯಿತು. ಈಗ ಮತ್ತೆ ಬಲಗಡೆ ನೋವು. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದರು. ಏನೂ ಇಲ್ಲದ ಮೇಲೆ ನೋವು ಯಾಕೆ? ಬೆಲ್ಟ್ ಹಾಕಿಕೊಂಡು ಮಲಗಿದರೆ ಸಾಕಾ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ನೋವು ನಿಜವಾದದ್ದೇ. ಸ್ಕ್ಯಾನಿಂಗ್‌ನಲ್ಲಿ ಮೂಳೆ, ಡಿಸ್ಕ್, ನರ ಕಾಣುತ್ತವೆ. ಸ್ನಾಯು ಹೇಗೆ ಕೆಲಸ ಮಾಡುತ್ತಿದೆ ಅಂತ ಅದರಲ್ಲಿ ಗೊತ್ತಾಗುವುದಿಲ್ಲ.

ಬೆನ್ನುಮೂಳೆಗೆ ಅಂಟಿಕೊಂಡೇ ಮಲ್ಟಿಫಿಡಸ್ ಅನ್ನುವ ಸ್ನಾಯು ಇದೆ. ನೀವು ಬಗ್ಗುವಾಗ, ಕೊಡ ಎತ್ತುವಾಗ ಬೆನ್ನಿನ ಮಣಿಗಳನ್ನು ಭದ್ರವಾಗಿ ಹಿಡಿಯುವುದರಲ್ಲಿ ಇದಕ್ಕೆ ದೊಡ್ಡ ಪಾಲು. ಸೊಂಟ ಹಿಡಿದುಕೊಂಡಾಗ ನೋವಿರುವ ಬದಿಯಲ್ಲಿ ಇದು ಸಣ್ಣಗಾಗಿರುವುದು ತುಂಬಾ ಜನರಲ್ಲಿ ಕಂಡಿದೆ. ಆಸ್ಟ್ರೇಲಿಯಾದ ಜೂಲಿ ಹೈಡ್ಸ್ ಮತ್ತು ತಂಡದವರು ಮೊದಲ ಸಲ ಸೊಂಟನೋವು ಬಂದವರನ್ನು ಪರೀಕ್ಷಿಸಿ 1996ರಲ್ಲಿ ಬರೆದದ್ದು ಇದನ್ನೇ: ನಾಲ್ಕು ವಾರದಲ್ಲಿ ಹೆಚ್ಚುಕಡಿಮೆ ಎಲ್ಲರ ನೋವೂ ಹೋಗಿತ್ತು, ಆದರೆ ವ್ಯಾಯಾಮ ಮಾಡದವರಲ್ಲಿ ಹತ್ತು ವಾರ ಕಳೆದರೂ ಆ ಸ್ನಾಯು ಮೊದಲಿನಂತೆ ತುಂಬಿಕೊಂಡಿರಲಿಲ್ಲ. ಮುಂದಿನ ಒಂದು ವರ್ಷದಲ್ಲಿ ಅಂಥವರಲ್ಲಿ 84% ಜನಕ್ಕೆ ನೋವು ಮರುಕಳಿಸಿತು. ವ್ಯಾಯಾಮ ಮಾಡಿದವರಲ್ಲಿ 30%. ಅದು ಚಿಕ್ಕ ಅಧ್ಯಯನ, ನಿಜ, ಆದರೂ ನಿಮ್ಮ ಕತೆ ಅದರ ಹಾಗೇ ಇದೆ ಅಲ್ವಾ?

ಇನ್ನೊಂದು, ಪೃಷ್ಠದ ಸ್ನಾಯು. ನಡೆಯುವಾಗ ಪ್ರತಿ ಹೆಜ್ಜೆಗೂ ಅರೆಗಳಿಗೆ ಒಂಟಿಕಾಲಲ್ಲಿ ನಿಲ್ಲುತ್ತೇವೆ. ಆಗ ಸೊಂಟ ಒಂದು ಕಡೆ ವಾಲದಂತೆ ಹಿಡಿಯುವುದು ಪೃಷ್ಠದ ಪಕ್ಕದ ಗ್ಲೂಟಿಯಸ್ ಮೀಡಿಯಸ್. ಬಹಳ ದಿನದಿಂದ ಸೊಂಟನೋವು ಇರುವವರಲ್ಲಿ ಇದೂ ಸೋತಿರುವುದು ಜಾಸ್ತಿ. ಕನ್ನಡಿ ಮುಂದೆ ಗೋಡೆ ಹಿಡಿದು ಬಲಗಾಲ ಮೇಲೆ ನಿಂತು ನೋಡಿ. ಎಡಗಡೆಯ ಸೊಂಟ ಕೆಳಗೆ ಜಾರಿದರೆ ಬಲಗಡೆಯ ಈ ಸ್ನಾಯುವಿಗೆ ಬಲ ಸಾಲದು ಅಂತ ಸುಳಿವು.

ಹಾಗಾಗಿ ಬರೀ ಬೆಲ್ಟ್ ಸಾಲದು, ಸುಮ್ನೆ ಮಲಗುವುದಂತೂ ಬೇಡ, ಮಲಗಿದಷ್ಟೂ ಸ್ನಾಯು ಕರಗುತ್ತದೆ. ಮಂಡಿ ಮಡಚಿ ಅಂಗಾತ ಮಲಗಿ ಸೊಂಟ ಮೇಲೆತ್ತುವ ಸೇತುಬಂಧಾಸನದಿಂದ ಶುರು ಮಾಡಿ. ಅದು ಹಿಡಿತಕ್ಕೆ ಬಂದ ಮೇಲೆ ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಆಮೇಲೆ ಅಂಬೆಗಾಲಲ್ಲಿ ನಿಂತು ಬಲಗೈ ಎಡಗಾಲು, ಎಡಗೈ ಬಲಗಾಲು ಚಾಚುವುದು. ಒಂದೊಂದೂ ಹತ್ತು ಸಲ, ನಿಧಾನವಾಗಿ, ಉಸಿರು ಬಿಗಿಹಿಡಿಯದೆ. ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತುಕೊಂಡರೆ ಒಳ್ಳೆಯದು. ಯಾವ ವ್ಯಾಯಾಮ ಅನ್ನುವುದಕ್ಕಿಂತ ಬಿಡದೆ ಮಾಡುವುದು ಮುಖ್ಯ, ನೋವು ಹೋದ ಮೇಲೂ ತಿಂಗಳುಗಟ್ಟಲೆ. ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ ಬನ್ನಿ.

ಕಾಲಲ್ಲಿ ಶಕ್ತಿ ಕಡಿಮೆಯಾದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಇದ್ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ.