ತೋಟ ಮಾರುವ ಮೊದಲು ಒಂದು ಫೋನ್ ಕರೆ

ಪ್ರಶ್ನೆ: ನನ್ನ ಮಗ ಏಳು ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕುಡಿತ ಕೈಮೀರಿದೆ. ಕಳೆದ ವಾರ ಸೊಸೆ ಅಳುತ್ತಾ ಫೋನ್ ಮಾಡಿದಳು. ಅಲ್ಲಿನ ವ್ಯಸನಮುಕ್ತಿ ಕೇಂದ್ರವೊಂದು ಮೂವತ್ತು ದಿನಕ್ಕೆ 30,000 ಡಾಲರ್ ಕೇಳುತ್ತಿದೆಯಂತೆ, ಶುಕ್ರವಾರದೊಳಗೆ ಕಟ್ಟಿದರೆ ಮಾತ್ರ ಜಾಗವಂತೆ. ನಮ್ಮ ಎರಡು ಎಕರೆ ತೆಂಗಿನ ತೋಟ ಮಾರಲು ಯಜಮಾನರು ಹೊರಟಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ಅಕ್ಕ, ತೋಟದ ಮಾತನ್ನು ಸದ್ಯಕ್ಕೆ ನಿಲ್ಲಿಸಿ. ಇವತ್ತು ರಾತ್ರಿಯೇ ಸೊಸೆಗೆ ಫೋನ್ ಮಾಡಿ, ಮಗನ ಆರೋಗ್ಯ ವಿಮೆಯ ಕಾರ್ಡನ್ನು ಕೈಗೆತ್ತಿಕೊಳ್ಳಲು ಹೇಳಿ. ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ಮಗನೇ ಕರೆ ಮಾಡಬೇಕು. "ಮದ್ಯವ್ಯಸನದ ಚಿಕಿತ್ಸೆಗೆ ನಿಮ್ಮ ನೆಟ್‌ವರ್ಕ್ ಒಳಗೆ ಯಾವ ಆಸ್ಪತ್ರೆಗಳಿವೆ, ಮುಂಗಡ ಅನುಮತಿ ಬೇಕೇ, ನನ್ನ ಪಾಲು ಎಷ್ಟು" ಎಂದು ಕೇಳಬೇಕು. ನೆಟ್‌ವರ್ಕ್ ಅಂದರೆ ಆ ವಿಮಾ ಕಂಪನಿ ಒಪ್ಪಂದ ಮಾಡಿಕೊಂಡಿರುವ ಆಸ್ಪತ್ರೆಗಳು. ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಮೆರಿಕದಲ್ಲಿ 2008ರ ಕಾನೂನಿನ ಪ್ರಕಾರ, ಕಂಪನಿಯ ವಿಮೆಯಲ್ಲಿ ವ್ಯಸನ ಚಿಕಿತ್ಸೆ ಸೇರಿದ್ದರೆ ಅದಕ್ಕೆ ಬೇರೆ ಕಾಯಿಲೆಗಳಿಗಿಂತ ಬಿಗಿಯಾದ ಮಿತಿ ಹಾಕುವಂತಿಲ್ಲ. ನೆಟ್‌ವರ್ಕ್ ಒಳಗೆ ಚಿಕಿತ್ಸೆ ಪಡೆದವರು ವರ್ಷಕ್ಕೆ ಕೈಯಿಂದ ಕೊಡುವ ಮೊತ್ತಕ್ಕೂ ಕಾನೂನಿನ ಮಿತಿಯಿದೆ. 2025ರಲ್ಲಿ ಅದು ಒಬ್ಬರಿಗೆ 9,200 ಡಾಲರ್. ನಿಮ್ಮಿಂದ ಕೇಳುತ್ತಿರುವುದು 30,000. ಆ ಕೇಂದ್ರ ನೆಟ್‌ವರ್ಕ್ ಒಳಗಿನದೋ ಹೊರಗಿನದೋ ಎಂದು ಮೊದಲು ವಿಚಾರಿಸಿ.

ಬ್ಯಾಂಕಿನಲ್ಲಿ ಹನ್ನೊಂದು ವರ್ಷ ವಿದೇಶಕ್ಕೆ ಹಣ ಕಳಿಸುವ ವಿಭಾಗದಲ್ಲಿದ್ದವಳು ನಾನು. ಒಬ್ಬರು ಹಿರಿಯರು ಇದೇ ಕಾರಣಕ್ಕೆ ಬಂದಿದ್ದರು. ಅಡಿಕೆ ಸುಲಿದ ಕಪ್ಪು ಕಲೆ ಬೆರಳಿನಿಂದ ಹೋಗಿರಲಿಲ್ಲ. ಅರ್ಜಿಯಲ್ಲಿ ಮೂರು ಕಡೆ ಸಹಿ ಬೇಕು. ಮೂರನೆಯದು ಮೊದಲನೆಯದಕ್ಕೆ ಹೊಂದುತ್ತಿರಲಿಲ್ಲ, ಅಷ್ಟು ಕೈ ನಡುಗುತ್ತಿತ್ತು. "ಇದರಲ್ಲಿ ಗುಣ ಆಗುತ್ತದಲ್ಲವೇನಮ್ಮಾ?" ಎಂದರು. ನಾನು ಹೌದು ಎಂದುಬಿಟ್ಟೆ. ಮೂವತ್ತು ದಿನ ಮುಗಿದು, ಎರಡೇ ತಿಂಗಳಲ್ಲಿ ಹುಡುಗ ಮತ್ತೆ ಕುಡಿಯತೊಡಗಿದ. ಎರಡನೆಯ ಸಲ ಕೊಡಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಆ ಹೌದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ವ್ಯಸನ ಮರುಕಳಿಸುವ ಕಾಯಿಲೆ ಅಕ್ಕ, ಸಕ್ಕರೆ ಕಾಯಿಲೆಯ ಹಾಗೆ ವರ್ಷಗಟ್ಟಲೆ ನೋಡಿಕೊಳ್ಳಬೇಕಾದದ್ದು. ಇರುವ ಹಣವನ್ನೆಲ್ಲ ಮೊದಲ ತಿಂಗಳಿಗೇ ಸುರಿಯಬೇಡಿ. ಎಲ್ಲರಿಗೂ ಒಳರೋಗಿ ಚಿಕಿತ್ಸೆ ಬೇಕಾಗುವುದಿಲ್ಲ. ಹಲವರಿಗೆ ಮನೆಯಿಂದಲೇ ಹೋಗಿಬರುವ ಚಿಕಿತ್ಸೆ ಸಾಕಾಗುತ್ತದೆ. ಕುಡಿಯುವ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳೂ ಇವೆ. ಕುಡಿತ ಬಿಡಲು ಹೊರಟವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವೇ ಇಲ್ಲ. ಮಗನಿಗೆ ಯಾವುದು ಹೊಂದುತ್ತದೆ ಎಂದು ವೈದ್ಯರು ಹೇಳಲಿ, ಹಣ ವಸೂಲಿಗೆ ಫೋನ್ ಮಾಡುವವರಲ್ಲ.

ಒಂದು ಮಾತ್ರ ಕಾಯುವ ವಿಷಯವಲ್ಲ. ದಿನವೂ ವಿಪರೀತ ಕುಡಿಯುವವನು ಮನೆಯಲ್ಲಿ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಮೈ ನಡುಕ, ಭ್ರಮೆ ಕಂಡರೆ ಅಮೆರಿಕದ ತುರ್ತು ಸೇವೆಯ ನಂಬರು 911ಕ್ಕೆ ಕರೆ ಮಾಡಬೇಕು. ಅಲ್ಲಿನ ತುರ್ತು ಚಿಕಿತ್ಸಾ ಘಟಕಗಳು ದುಡ್ಡಿಲ್ಲವೆಂದು ವಾಪಸ್ ಕಳಿಸುವಂತಿಲ್ಲ. 1986ರಿಂದ ಅದಕ್ಕೆ ಕಾನೂನಿದೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದೇ. ಸೊಸೆಗೆ ಇದನ್ನು ಎರಡು ಸಲ ಹೇಳಿ.

ಕೆಲಸ ಹೋದರೆ ವೀಸಾ ಹೋಗುತ್ತದೆಂಬ ಅಂಜಿಕೆ ಮಗನಿಗಿರಬಹುದು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಒಂದು ವರ್ಷ ದುಡಿದವರಿಗೆ ಚಿಕಿತ್ಸೆಗಾಗಿ ಹನ್ನೆರಡು ವಾರದವರೆಗೆ ವೇತನರಹಿತ ರಜೆಯ ಹಕ್ಕು ಸಾಮಾನ್ಯವಾಗಿ ಇರುತ್ತದೆ. ರಜೆ ಹಾಕುವ ಮೊದಲು ವಲಸೆ ವಕೀಲರನ್ನು ಒಮ್ಮೆ ಕೇಳಲಿ.

ಇಷ್ಟೆಲ್ಲ ಆದ ಮೇಲೂ ಕೊರತೆ ಬಿದ್ದರೆ, ಬಿದ್ದಷ್ಟನ್ನೇ ಕಳಿಸಿ, ನೇರವಾಗಿ ಆಸ್ಪತ್ರೆಯ ಖಾತೆಗೆ, ಬಿಲ್ಲು ನೋಡಿ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಮೂಲದಲ್ಲೇ ತೆರಿಗೆ ಹಿಡಿಯಬಹುದು; ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಲು ಬರುತ್ತದೆ, ರಸೀದಿ ಇಟ್ಟುಕೊಳ್ಳಿ. ವಿಮೆಯವರು ಏನೆಂದರೆಂದು ನನಗೆ ಬರೆಯಿರಿ. ಅವರು ಇಲ್ಲವೆಂದರೆ ಮೇಲ್ಮನವಿಗೂ ದಾರಿಯಿದೆ, ಆ ಪತ್ರ ಹೇಗೆ ಬರೆಯುವುದೆಂದು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.