ಮಳೆಗಾಲದಲ್ಲಿ ಗಾಳ ಹಾಕಲು ಎಂಥ ರೈನ್‌ಕೋಟ್ ತಗೊಳ್ಳಲಿ?

ಮೀನಿಗೂ ಬೇಟೆಗೂ, ಎಲ್ಲಾ ಹವಾಮಾನಕ್ಕೂ ಆಗುವ ಒಂದೇ ಕೋಟು ಯಾವುದು ಅಂತ ಕೇಳಿದ್ದೀರಿ. ಬೇಟೆಯ ಮಾತು ಬಿಡಿ. 1972ರ ವನ್ಯಜೀವಿ ಕಾಯ್ದೆ ಇರುವಾಗ ಅದಕ್ಕೆ ಕೋಟು ಹುಡುಕಿ ಏನು ಮಾಡ್ತೀರಿ? ಮೊದಲ ಮಳೆಗೆ ಗದ್ದೆ ಹತ್ತುವ ಮೀನು ಹಿಡಿಯುವುದಕ್ಕೂ ಕೇರಳದಲ್ಲಿ ನಿಷೇಧ ಇದೆ. ಹೊಳೆ ಬದಿಯ ಗಾಳದ ವಿಷಯ ಮಾತ್ರ ಹೇಳುತ್ತೇನೆ. ನಾನು ಕುಂಬಳೆ ಕಡೆಯವನು, ಶಿರಿಯ ಹೊಳೆಯ ಅಳಿವೆ ಹತ್ತಿರ ಗಾಳ ಹಾಕುವವನು.

ನಮ್ಮ ಕಾಸರಗೋಡಿನ ಮಳೆಯಲ್ಲಿ ಚಳಿಗಿಂತ ಸೆಕೆ ಜಾಸ್ತಿ. ದಪ್ಪ ಪಿವಿಸಿ ಕೋಟು ನೀರು ಬಿಡುವುದಿಲ್ಲ, ನಿಜ. ಆದರೆ ಸ್ವಲ್ಪ ನಡೆದರೆ ಬೆವರಲ್ಲೇ ಅಂಗಿ ಒದ್ದೆ. ಹಾಗಂತ ಬೆವರು ಹೊರಗೆ ಬಿಡುವ ಬಟ್ಟೆ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಹೊರಗೆ ಒಣ ಗಾಳಿ ಇದ್ದರೆ ತಾನೇ ಬೆವರಿನ ಆವಿ ಹೋಗುವುದು? ಜುಲೈ ತಿಂಗಳ ಗಾಳಿಯೇ ನೀರು ಕುಡಿದು ಕೂತಿರುತ್ತದೆ. ಕಂಕುಳಲ್ಲಿ ಜಿಪ್ ಇರುವ, ಒಂದು ಸೈಜ್ ದೊಡ್ಡದಾದ ನೈಲಾನ್ ಕೋಟೇ ವಾಸಿ. ಹಿಂದೆ ನೇಜಿ ನೆಡುವವರು ಬೆನ್ನಿಗೆ ಹಾಕುತ್ತಿದ್ದ, ಎಲೆಯಿಂದ ಹೆಣೆದ ಗೊರಬೆಗೆ ಈ ತಾಪತ್ರಯವೇ ಇರಲಿಲ್ಲ, ಮುಂದೆಲ್ಲ ತೆರೆದೇ ಇತ್ತಲ್ವಾ. ಗಾಳ ಬೀಸೋಕೆ ಮಾತ್ರ ಅದು ಆಗದು.

ಅಂಗಡಿಯಲ್ಲಿ ಮೊದಲು ತೋಳಿನ ತುದಿ ನೋಡಿ. ಬೈಕಿನವರ ಕೋಟು ಕೈಕೊಡುವುದು ಅಲ್ಲೇ. ಗಾಳದ ಕೋಲು ಎತ್ತಿ ಹಿಡಿದಾಗ ನೀರು ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ, ಕೊನೆಗೆ ಕಂಕುಳಿಗೇ ಇಳಿಯುತ್ತದೆ. ತೋಳಿನೊಳಗೆ ಇನ್ನೊಂದು ಬಿಗಿ ಪಟ್ಟಿ ಇರಲಿ. ಆಮೇಲೆ ಕೋಟು ಮಗುಚಿ ಭುಜದ ಹೊಲಿಗೆ ನೋಡಿ. ಅದರ ಮೇಲೆ ಟೇಪ್ ಅಂಟಿಸಿರದಿದ್ದರೆ, ಲೇಬಲಿನಲ್ಲಿ 10,000 ಮಿ.ಮೀ. ಅಂತ ಇದ್ದರೂ ಸೋರುತ್ತದೆ. ಬಟ್ಟೆ ಎಷ್ಟೆತ್ತರದ ನೀರಿನ ಭಾರ ತಡೆಯುತ್ತದೆ ಅನ್ನುವ ಲೆಕ್ಕ ಅದು. ಸೂಜಿ ತೂತಿಗೆ ಅದು ಸೇರುವುದಿಲ್ಲ.

ಅಳಿವೆಯ ಉಪ್ಪು ಗಾಳಿಗೆ ಕಬ್ಬಿಣದ ಜಿಪ್ ಬೇಗ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ಕಿನದ್ದೇ ಇರಲಿ. ಮನೆಗೆ ಬಂದು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಹರಡಿ. ಒದ್ದೆ ಮಡಚಿಟ್ಟರೆ ಬೂಷ್ಟು ಗ್ಯಾರಂಟಿ. ನೀರಿಗೆ ಇಳಿಯುವವರಾದರೆ ಗಂಬೂಟು ಬೇಡ, ಒಳಗೆ ನೀರು ತುಂಬಿದರೆ ಕಾಲು ಎತ್ತಲಾಗದು.

ಅಕ್ಟೋಬರದಲ್ಲಿ ಕತೆಯೇ ಬೇರೆ. ಹಗಲೆಲ್ಲ ಬಿಸಿಲು, ಸಂಜೆಗೆ ಗುಡುಗು ಮಳೆ. ಚೀಲದೊಳಗೆ ಮಡಚಿಡುವ ತೆಳು ಕೋಟು ಸಾಕು. ಆದರೆ ನಿಮ್ಮದು ಕಾರ್ಬನ್ ಕೋಲಾದರೆ ಅದರಲ್ಲಿ ಕರೆಂಟು ಹರಿಯುತ್ತದೆ. ಗುಡುಗು ಕೇಳಿಸಿದ ಕೂಡಲೇ ಕೋಲು ಕೆಳಗಿಟ್ಟು ಯಾವುದಾದರೂ ಮನೆಯೊಳಗೆ ಹೋಗಿ, ತೆಂಗಿನ ಬುಡದಲ್ಲಿ ನಿಲ್ಲಬೇಡಿ.